ಕಡಲಪಾಚಿಯ ಬಸಿದ ನೀರು

ನಮ್ಮ ಮೇಷ್ಟ್ರ ಬಲಗೈಯ ಎರಡು ಬೆರಳ ತುದಿ ಸದಾ ನೇರಳೆ ಬಣ್ಣಕ್ಕಿರುತ್ತಿದ್ದವು, ಈಗಷ್ಟೇ ನೇರಳೆ ಹಣ್ಣು ತಿಂದು ಬಂದ ಹಾಗೆ. ತಮಿಳು ಗಡಿಯ ಹೊಸೂರಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅವರೇ ಕಲಸುತ್ತಿದ್ದ ದ್ರಾವಣದ ಕಲೆ ಅದು. ಯಾವುದಾದರೂ ಸೊಪ್ಪಿನ ರಸವನ್ನು ಆ ದ್ರಾವಣಕ್ಕೆ ಬಿಟ್ಟಾಗ ನೇರಳೆ ಇಳಿದು ಹಳದಿಯಾದರೆ, ರಸದಲ್ಲಿ ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶ ಕೆಡದಂತೆ ಕಾಯುವ ಸತ್ವ, ಇದೆ ಎಂದರ್ಥ. ಇದ್ದ ಗ್ಲೌಸು ವಿದ್ಯಾರ್ಥಿಗಳಿಗೇ ಸಾಲುತ್ತಿರಲಿಲ್ಲವಾದ್ದರಿಂದ ಅವರು ಹಾಕಿಕೊಳ್ಳುತ್ತಲೇ ಇರಲಿಲ್ಲ.

ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಯವರು. ಬಸ್ಸು ಸಿಗುವ ತನಕ ನಡೆದೇ ಓದಿದವರು. ಪಾಠವೆಲ್ಲ ತಮಿಳು, ಇಂಗ್ಲಿಷಿನಲ್ಲಿ. ಬೈಗುಳ ಮಾತ್ರ ಕನ್ನಡದಲ್ಲಿ. ನನ್ನ ಪಾಲಿಗೆ ಕನ್ನಡವೇ ಹೆಚ್ಚು ಬರುತ್ತಿತ್ತು.

ಡಿಗ್ರಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವರು ನನಗೆ ಕೊಟ್ಟದ್ದು ತಿನ್ನಲು ಬರುವ ಕಂದು ಕಡಲಪಾಚಿ. ಕೆಲಮಂಗಲದ ರಾಗಿ ಹೊಲದವನು ನಾನು, ಸಮುದ್ರವನ್ನೇ ಕಂಡಿರಲಿಲ್ಲ. ಇದೇ ಯಾಕೆ ಸಾರ್ ಅಂದೆ.

“ಅಲೆ ಹಿಂದಕ್ಕೋದಾಗ ಅದು ಬಂಡೆ ಮ್ಯಾಲೆ ಬಿಸ್ಲಲ್ಲಿ ಬಿದ್ದಿರ್ತೈತೆ ಕಣ್ಲಾ. ಓಡೋಗಾಕೆ ಕಾಲಿಲ್ಲ. ಸುಟ್ಟೋಗ್ದಂಗೆ ಕಾಯೋ ಮದ್ನ ಒಳಗೇ ಮಾಡ್ಕಂತೈತೆ. ನಮ್ ಕಡೆ ಜನಾನೂ ಹಂಗೇ ಅಲ್ವೇನ್ಲಾ?”

ರಾಮನಾಥಪುರದ ಕಡಲ ದಡಕ್ಕೆ ತಾವೇ ಹೋಗಿ ಒಂದು ಚೀಲ ತಂದರು. ತೊಳೆದು, ನೆರಳಲ್ಲಿ ಒಣಗಿಸಿ ನನ್ನ ಕೈಗಿತ್ತರು. ಲ್ಯಾಬಿನಲ್ಲಿ ಇಲಿ ಕಾಟವಿತ್ತು, ಮನೆಯಲ್ಲಿ ಜೋಪಾನ ಮಾಡು ಅಂದರು. ನಾನು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದೆ.

ಮರುದಿನ ಸಂಜೆ ಕಾಲೇಜಿನಿಂದ ಬಂದರೆ ಅಮ್ಮ ಬಸ್ಸಾರಿಗೆ ಖಾರ ರುಬ್ಬುತ್ತಾ ಕೂತಿದ್ದಳು. ಬೆಂದ ಪಾಚಿ ತಟ್ಟೆಯಲ್ಲಿ, ಬಸಿದ ಕಂದು ನೀರು ಪಾತ್ರೆಯಲ್ಲಿ.

“ಅದ್ಯಾವ್ ಸೊಪ್ಪು ತಂದ್ಯೋ ಮಗಾ, ಎಷ್ಟ್ ತೊಳುದ್ರೂ ಮೀನ್ ವಾಸ್ನೆ ಹೋಗ್ಲಿಲ್ಲ!”

ಚೀಲದ ತಳದಲ್ಲಿ ಒಂದೆರಡು ಹಿಡಿ ಉಳಿದಿತ್ತು. ಅಂದುಕೊಂಡ ಪ್ರಯೋಗಕ್ಕೆ ಅದು ಯಾವ ಮೂಲೆಗೂ ಸಾಲದು. ಮತ್ತೆ ತರಿಸಲು ದಿನವಿಲ್ಲ. ಪ್ರಾಜೆಕ್ಟ್ ಒಪ್ಪಿಸದಿದ್ದರೆ ಡಿಗ್ರಿಯೂ ಇಲ್ಲ. ನಮ್ಮ ವಂಶದಲ್ಲೇ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬ. ಅಪ್ಪ ಜೂಜುವಾಡಿಯಲ್ಲಿ ಲಾರಿಗೆ ಮೂಟೆ ಹೊತ್ತು ನನ್ನನ್ನು ಆ ಮೆಟ್ಟಿಲು ಹತ್ತಿಸಿದ್ದ.

ಮೇಷ್ಟ್ರಿಗೆ ಫೋನು ಮಾಡಿದೆ. ಬೈಗುಳಕ್ಕೆ ಕಾದೆ. ಅವರು ಸ್ಕೂಟರ್ ಹಾಕಿಕೊಂಡು ಮನೆಗೇ ಬಂದರು. ಅಮ್ಮ ಪಾತ್ರೆ ಎತ್ತಿಕೊಂಡು ಹಿತ್ತಲ ಕಡೆ ಹೊರಟಿದ್ದಳು. “ತೆಪ್ಪಾಯ್ತು ಸಾಮಿ, ಈ ಹಾಳ್ ನೀರ್ನ ಚೆಲ್ಬುಡ್ತೀನಿ.”

“ತಡ್ಯವ್ವಾ, ಚೆಲ್ಬ್ಯಾಡ. ಅದ್ರಲ್ಲೇನೈತೆ ನೋಡಾನ.” ಪಾತ್ರೆಗೆ ಬಗ್ಗಿ ನೋಡಿದರು, ಮೂಸಿದರು, ಜೋರಾಗಿ ನಕ್ಕರು. “ಸೊಪ್ಪು ಬೇಯ್ಸಿದ್ ನೀರ್ನ ನಮ್ಮೋರು ಯಾವತ್ತಾದ್ರೂ ಚೆಲ್ಲವ್ರೇನ್ಲಾ? ಸಾರು ಮಾಡಾದೇ ಅದ್ರಲ್ಲಿ. ಪಾಚಿ ಬೇಯ್ಸುದ್ರೆ ಅದ್ರ ಸತ್ವ ಎಲ್ಲೋಯ್ತದೆ? ಸೊಪ್ಪಲ್ಲೇ ಉಳೀತದಾ, ನೀರ್ಗಿಳೀತದಾ? ಇದೇ ನಿನ್ ಪ್ರಾಜೆಕ್ಟು. ಉಳ್ದಿರೋ ಹಿಡಿ ಸಾಕು ಹೋಗ್ಲಾ!”

ಅಮ್ಮನ ಪಾತ್ರೆಯ ನೀರಿಗೆ ಉಪ್ಪು ಬಿದ್ದಿತ್ತು, ಅಳತೆಯೂ ಇರಲಿಲ್ಲ. ಅದಕ್ಕೇ ಉಳಿದದ್ದನ್ನು ಲ್ಯಾಬಿನಲ್ಲಿ ತೂಗಿ, ಬೇಯಿಸಿ, ಬಸಿದೆವು. ಬೆಂದ ಪಾಚಿಯ ರಸ ನೇರಳೆಯನ್ನು ಒಂದಿಷ್ಟು ತಿಳಿಯಾಗಿಸಿತು. ಬಸಿದ ನೀರು ಬಿಟ್ಟಾಗ ಬಣ್ಣ ನನ್ನ ಕಣ್ಣೆದುರೇ ಇಳಿಯುತ್ತಾ ಇಳಿಯುತ್ತಾ ಹಳದಿಯಾಯಿತು. ಮೇಷ್ಟ್ರು ನನ್ನ ಬೆನ್ನಿಗೊಂದು ಗುದ್ದಿದರು.

ಆ ನೀರು ಮದ್ದಂತೆ ಎಂಬ ಸುದ್ದಿ ಕೇಳಿ ಸಕ್ಕರೆ ಕಾಯಿಲೆಯ ನಮ್ಮ ಮಾವ ಅದನ್ನು ತುಂಬಿಸಿಕೊಳ್ಳಲು ಬಾಟಲಿ ಹಿಡಿದು ಕಾಲೇಜಿಗೇ ಬಂದುಬಿಟ್ಟ. ಮೇಷ್ಟ್ರು ಕೂರಿಸಿ ಟೀ ಕುಡಿಸಿ ಕಳಿಸಿದರು. “ಟ್ಯೂಬ್ಗೆ ಸಕ್ರೆ ಕಾಯ್ಲೆ ಬರಲ್ಲ ಕಣಯ್ಯಾ. ಅಲ್ಲಾದದ್ದು ಮೈಯಾಗೂ ಆಯ್ತದೆ ಅಂತ ಹೇಳಾಕೆ ಇನ್ನೂ ಬೋ ದೂರ ಐತೆ. ಇದ್ರಾಗೆ ಅಯೋಡಿನ್ ಬೇರೆ ಜಾಸ್ತಿ. ನೀ ಮಾತ್ರೆ ಬಿಡ್ಬ್ಯಾಡ.” ನನ್ನ ಕಡೆ ತಿರುಗಿ, “ಕಂಡಷ್ಟೇ ಬರೀಲಾ. ಒಂದ್ ಅಕ್ಷರ ಹೆಚ್ಗೆ ಬರುದ್ರೆ ನೋಡು” ಅಂದರು.

ಕೊನೆಯ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಬಸಿದ ನೀರಿನ ಯೋಚನೆ ಹೇಗೆ ಬಂತು ಎಂದು ಕೇಳಿದರು. ಇಂಗ್ಲಿಷು ಕೈಕೊಟ್ಟಿತು. ಕಂಡಷ್ಟೇ ಹೇಳಿದರಾಯಿತು ಎಂದುಕೊಂಡು ತಮಿಳಿನಲ್ಲಿ ಹೇಳಿದೆ: ನಮ್ಮಮ್ಮ ಇದನ್ನು ಸೊಪ್ಪು ಅಂದುಕೊಂಡು ಬಸ್ಸಾರಿಗೆ ಬೇಯಿಸಿದಳು ಸಾರ್. ಅವರು ನಕ್ಕರು, ಆಮೇಲೆ ಒಂದೊಂದೇ ಪ್ರಶ್ನೆ ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಗೋಡೆಗೊರಗಿ ನಿಂತಿದ್ದ ಮೇಷ್ಟ್ರು, ತಾವೇ ಪಾಸಾದವರ ಹಾಗೆ ಮೀಸೆ ಸವರಿಕೊಂಡರು.

ಕಳೆದ ವರ್ಷ ಅವರು ಹೋಗಿಬಿಟ್ಟರು. ಕೊನೆಯ ಸಲ ಮುಖ ನೋಡಲು ಹೋದವನು ಮೊದಲು ಕೈ ನೋಡಿದೆ. ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ನೇರಳೆ ಪೂರ್ತಿ ಇಳಿದಿತ್ತು.

ನಾನೀಗ ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ. ಗ್ಲೌಸು ಬೇಕಾದಷ್ಟಿದೆ, ಆದರೂ ಕಲೆ ತಪ್ಪುವುದಿಲ್ಲ. ಊರಿಗೆ ಹೋದಾಗ ಅಮ್ಮ ನನ್ನ ಬಲಗೈ ಹಿಡಿದೆತ್ತಿ ಅಕ್ಕಪಕ್ಕದವರಿಗೆ ತೋರಿಸುತ್ತಾಳೆ: “ನೋಡ್ರಮ್ಮೀ, ಥೇಟ್ ಅವ್ರ ಮೇಷ್ಟ್ರ ಕೈ!”