ತೂಕ ನೋಡಿಕೊಂಡು ಬನ್ನಿ

ನನಗೆ ಕ್ಯಾನ್ಸರ್ ಎಂಬ ಸುದ್ದಿ ಇಡೀ ಬೊಬ್ರುವಾಡಕ್ಕೆ ತಿಳಿದ ಮೇಲೆ ನನಗೆ ತಿಳಿಯಿತು. ನೌಕರಿಯ ಕಾಲವನ್ನೆಲ್ಲ ನಾನು ಅಂಕೋಲೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದವಳು. ಆಗ ಪಿ.ಪಿ. ಕಾಲ್ ಎಂಬುದೊಂದಿತ್ತು. ಯಾರ ಹೆಸರಿಗೆ ಕರೆ ಬಂದಿದೆಯೋ ಅವರನ್ನೇ ಕರೆಸಿ, ಅವರೇ ಹೌದೆಂದು ಕೇಳಿ ಖಚಿತ ಮಾಡಿಕೊಂಡು ಲೈನು ಕೊಡಬೇಕು. ಸಾವಿನ ಸುದ್ದಿಯಾದರೂ ಸರಿ, ಪಕ್ಕದ ಮನೆಯವನಿಗೆ ಹೇಳಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ನಮ್ಮ ಆಸ್ಪತ್ರೆಗಳು ಇನ್ನೂ ಅಷ್ಟು ಮುಂದುವರಿದಿಲ್ಲ.

ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದು ನನಗೆ. ಕಾರವಾರಕ್ಕೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ತೋರಿಸಿದ್ದು ನಾನು. ಸೂಜಿ ಚುಚ್ಚಿಸಿಕೊಂಡು ಚೂರು ತೆಗೆಸಿಕೊಂಡದ್ದೂ ನಾನೇ. ಅಲ್ಲಿಯವರೆಗೆ ಯಾರೂ ಜೊತೆಗೆ ಗಂಡಸರು ಬಂದಿದ್ದಾರಾ ಎಂದು ಕೇಳಲಿಲ್ಲ. ಚುಚ್ಚುವುದಕ್ಕೆ ನಾನು ಸಾಕಾಗಿದ್ದೆ. ರಿಪೋರ್ಟ್ ಬಂದ ದಿನ ಮಾತ್ರ, ಮನೆಯವರನ್ನು ಕರೆದುಕೊಂಡು ಬನ್ನಿ ಎಂದು ಫೋನ್ ಬಂತು. ಮದುವೆಯಾಗದ ನನಗೆ ಮನೆಯವರು ಎಂದರೆ ತಮ್ಮ. ಬಿಣಗಾದಲ್ಲಿ ಕಾರ್ಖಾನೆಯ ಕೆಲಸ, ಅಲ್ಲೇ ಸಂಸಾರ. ಪಾಪ, ಶಿಫ್ಟ್ ಬದಲಿಸಿಕೊಂಡು ಬಂದಿದ್ದ.

ಡಾಕ್ಟರು ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬರುವವರು. ಅವರಿಗೆ ಘಟ್ಟ ಹತ್ತುವ ಅವಸರ, ಹೊರಗೆ ಬೆಂಚಿನ ಮೇಲೆ ದೇವಬಾಗದಿಂದ ಹಿಡಿದು ಅಂಕೋಲೆಯವರೆಗಿನ ಜನ. ರಿಪೋರ್ಟ್ ಬಿಚ್ಚಿದವರೇ ನನ್ನನ್ನು ದಾಟಿ ತಮ್ಮನನ್ನು ನೋಡಿದರು.

"ನೀವು ಇವರಿಗೆ ಏನಾಗ್ಬೇಕ್ರೀ?"

"ತಮ್ಮ."

"ಗಂಡಸರು ಬಂದೀರಿ, ಚಲೋ ಆತು," ಎಂದವರು ನನ್ನ ಕಡೆ ತಿರುಗಿದರು. "ಅಮ್ಮಾ, ನೀವು ಹೊರಗ ಹೋಗಿ ತೂಕ ನೋಡ್ಕೊಂಡ್ ಬರ್ರಿ."

ಒಳಗೆ ಬರುವ ಮೊದಲೇ ನರ್ಸ್ ನನ್ನ ತೂಕ ನೋಡಿದ್ದಳು. ಆದರೂ ಹೋದೆ. ಡಾಕ್ಟರು ಹೇಳಿದರೆ ಹೋಗುವುದೇ ಅಲ್ಲವೇ. ನರ್ಸ್ ನನ್ನನ್ನು ಕಂಡು, "ಒಳಗೆ ಮಾತಾಡ್ತಾ ಇದ್ರ ಅಲ್ಲಾ? ಕೂತ್ಕಳಿ ಅಕ್ಕಾ," ಎಂದಳು. ತೂಕದ ಯಂತ್ರದ ಕಡೆ ನೋಡಲೂ ಇಲ್ಲ. ಅದರ ನಿಜವಾದ ಉಪಯೋಗ ಅವಳಿಗೆ ಗೊತ್ತಿತ್ತು. ನನ್ನ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದಳು. ಅವಳನ್ನೂ ತೂಕಕ್ಕೆ ಕಳಿಸಿದ್ದರಂತೆ.

ತಮ್ಮ ಹೊರಗೆ ಬಂದ. ಮುಖ ಸುಣ್ಣವಾಗಿತ್ತು.

"ಎಂತಾ ಹೇಳಿರು?"

"ಎಂತಾ ಇಲ್ಲ ಅಕ್ಕಾ. ಸಣ್ಣ ಗಡ್ಡೆ. ತೆಗುದ್ರೆ ಮುಗೀತು."

ಆಮೇಲೆ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿದ. ಹುಟ್ಟಿದಾಗಿನಿಂದ ನನಗೆ ಒಂದು ಚಹಾ ಕುಡಿಸಿದವನಲ್ಲ. ಅವನು ತಾನು ತಿನ್ನದೆ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದ. ನಾನು ತಿಂದೆ. ಚೆನ್ನಾಗಿತ್ತು.

ಮರುದಿನದಿಂದ ಮನೆಗೆ ಜನ ಬರತೊಡಗಿದರು. ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದ ಆಚೆ ಮನೆಯವಳು ಸುಕ್ರುಂಡೆ ಕರಿದುಕೊಂಡು ಬಂದಳು. ದೂರದ ಸಂಬಂಧಿಯೊಬ್ಬ ಬಂದು ನನ್ನ ಮನೆಯ ಗೋಡೆ, ಮಾಡು, ಹಿತ್ತಲು ಎಲ್ಲವನ್ನೂ ಬಹಳ ಅಕ್ಕರೆಯಿಂದ ನೋಡಿ, ನಿಂಗೆ ಎಂತ ಬೇಕಾರೂ ನಾವಿದ್ದೇವೆ ಎಂದು ಹೇಳಿ ಹೋದ. ಎಲ್ಲರೂ ನನ್ನ ಎದುರು ದನಿ ತಗ್ಗಿಸಿ ಮಾತಾಡುವವರೇ. ಸಣ್ಣ ಗಡ್ಡೆಗೆ ಇಷ್ಟೊಂದು ಮರ್ಯಾದೆಯೇ ಎಂದು ನನಗೆ ಆಶ್ಚರ್ಯ.

ಕೊನೆಗೆ ಸಂಶಯ ಬಗೆಹರಿಸಿದವಳು ಮೀನಿನವಳು. ದಿನಾ ಬುಟ್ಟಿ ಇಳಿಸಿ ನನ್ನೊಡನೆ ಜಗಳವಾಡದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ನಾನು ಕಡಿಮೆಗೆ ಕೇಳುವುದು, ಅವಳು ಬುಟ್ಟಿ ತಲೆಗೇರಿಸಿ ಗೇಟಿನವರೆಗೆ ಹೋಗುವುದು, ಮತ್ತೆ ಬರುವುದು. ಇದು ನಮ್ಮ ವರ್ಷಾನುಗಟ್ಟಲೆಯ ರಿವಾಜು. ಆವತ್ತು ನಾನು ಕೇಳಿದ ರೇಟಿಗೆ ಹೂಂ ಎಂದುಬಿಟ್ಟಳು. ಮೇಲಿಂದ ಎರಡು ಹಿಡಿ ಶೆಟ್ಲಿ ಸೀಗಡಿ ಬೇರೆ ಹಾಕಿದಳು.

"ನಿಂಗೆ ಯಾರ್ ಹೇಳಿರು?" ಎಂದೆ.

ಅವಳು ಬುಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತ, "ಎಲ್ಲರ ಬಾಯಲ್ಲೂ ಅದೇ ಅದೆ ಅಕ್ಕಾ. ನಿಮ್ಗೆ ಮಾತ್ರ ಹೇಳುಕಾಗ ಅಂದೇಳಿ ಹೇಳಿರು," ಎಂದಳು.

ತಮ್ಮನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಅದೂ ಇದೂ ಹೇಳಿ, ಆಮೇಲೆ ಒಪ್ಪಿಕೊಂಡ.

"ಡಾಕ್ಟರೇ ಹೇಳಿರು ಅಕ್ಕಾ. ಪೇಷಂಟಿಗೆ ಹೇಳ್ಬೇಡಿ, ಧೈರ್ಯ ಕಳ್ಕಂತಾರೆ ಅಂದೇಳಿ."

"ಊರಿಗೆ ಹೇಳಿ ಅಂದಿದ್ರಾ?"

ಹೆಂಡತಿಗೆ ಮಾತ್ರ ಹೇಳಿದ್ದನಂತೆ. ಅವಳು ತನ್ನ ತಂಗಿಗೆ ಮಾತ್ರ ಹೇಳಿದ್ದಳಂತೆ. ಹೀಗೆ ಎಲ್ಲರೂ ಒಬ್ಬೊಬ್ಬರಿಗೆ ಮಾತ್ರ ಹೇಳಿ ಗುಟ್ಟು ಕಾಪಾಡಿದ್ದರು. ಫೋನ್ ಇಟ್ಟು ಅಡುಗೆಮನೆಯಲ್ಲಿ ಕೂತು ಅತ್ತೆ. ಕಾಯಿಲೆಯ ಹೆದರಿಕೆ ಒಂದು ಕಡೆ, ಸಿಟ್ಟು ಇನ್ನೊಂದು ಕಡೆ. ಸಿಟ್ಟೇ ಹೆಚ್ಚಿತ್ತು ಅನ್ನಿಸುತ್ತದೆ. ಶೆಟ್ಲಿ ಸಾರು ಮಾಡಿ ಉಂಡೆ.

ಮುಂದಿನ ವಾರ ತಮ್ಮನೊಡನೆ ಹೋಗಿ ಡಾಕ್ಟರ ಮೇಜಿನ ಮೇಲೆ ನನ್ನ ಮೊಬೈಲ್ ಇಟ್ಟೆ.

"ನೀವು ಹೇಳೂದನ್ನ ರೆಕಾರ್ಡ್ ಮಾಡ್ಕಂತೆ ಡಾಕ್ಟ್ರೇ."

"ಯಾಕ್ರೀ? ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?"

"ನಿಮ್ಮ ಮೇಲೆ ಅದೆ. ನನ್ನ ಕಿವಿ ಮೇಲೆ ಇಲ್ಲ. ಹೆದರಿಕೆಯಲ್ಲಿ ಅರ್ಧ ಕೇಳೂದೇ ಇಲ್ಲ. ಮನೆಗೆ ಹೋಗಿ ಮತ್ತೆ ಕೇಳ್ಬೇಕು."

ಅವರಿಗೆ ಇಷ್ಟವಾಗಲಿಲ್ಲ. ಆದರೂ ಬೇಡವೆನ್ನಲು ಕಾರಣ ಸಿಗಲಿಲ್ಲ. ಕೊರಳು ಸರಿಮಾಡಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ, "ಪೇಷಂಟ್‌ಗೆ ಎಡಗಡೆ ಎದಿಯೊಳಗ" ಎಂದು ಶುರುಮಾಡಿದರು. ಮೊದಲ ಸಲ ತಮ್ಮನಿಗೆ ಹೇಳಿದ್ದರು, ಈ ಸಲ ಮೊಬೈಲಿಗೆ ಹೇಳುತ್ತಿದ್ದರು. ನಾನು ಎರಡರ ನಡುವೆ ಕೂತಿದ್ದೆ.

ಗಂಟು ಮಾತ್ರ ತೆಗೆದು, ಆಮೇಲೆ ವಾರಗಟ್ಟಲೆ ಹುಬ್ಬಳ್ಳಿಯಲ್ಲಿದ್ದು ರೇಡಿಯೇಶನ್ ತೆಗೆದುಕೊಳ್ಳುವುದು ಒಂದು ದಾರಿ. ಇಡೀ ಮೊಲೆಯನ್ನೇ ತೆಗೆಯುವುದು ಇನ್ನೊಂದು. ಎರಡೂ ದಾರಿ ನನಗೆ ಆಗುತ್ತದೆ. ಇಷ್ಟು ಹೇಳಿ ಡಾಕ್ಟರು ಕಾಗದ ಮಡಚಿದರು.

"ನಿಮ್ಮ ತಮ್ಮಾರಿಗೆ ಆವತ್ತೇ ಹೇಳೀನಿ. ಪೂರ್ತಿ ತೆಗೀರಿ ಅಂದಾರ. ಆಪರೇಶನ್ನಿಗೆ ದಿನಾನೂ ಹಾಕೇವಿ."

ನಾನು ತಮ್ಮನ ಕಡೆ ತಿರುಗಿದೆ.

"ಈ ವಯಸ್ಸಿಗೆ ಅದೆಲ್ಲ ಎಂತಕೆ ಅಕ್ಕಾ?" ಎಂದ. "ಹುಬ್ಬಳ್ಳಿಗೆ ಹೋಗಿ ಉಳುಕೆ ಯಾರಿಂದಾಗ್ತದೆ?"

ಅದೆಲ್ಲ ಎನ್ನುವಾಗ ಅವನು ನೆಲ ನೋಡುತ್ತಿದ್ದ. ಹೆಸರು ಹೇಳಲು ನಾಚಿಕೆ, ಕೊಯ್ಯಿಸಲು ಇಲ್ಲ. ಐಸ್‌ಕ್ರೀಮ್ ಏಕೆ ಕೊಡಿಸಿದ್ದನೆಂದು ಆಗ ಅರ್ಥವಾಯಿತು.

"ತಮ್ಮಾ," ಎಂದೆ, "ನೀ ಹೊರಗೆ ಹೋಗಿ ತೂಕ ನೋಡ್ಕಂಡ್ ಬಾ."

ಅವನು ಡಾಕ್ಟರನ್ನು ನೋಡಿದ. ಡಾಕ್ಟರು ಮೊಬೈಲನ್ನು ನೋಡಿದರು. ತಮ್ಮ ಎದ್ದು ಹೋದ.

ಬಾಗಿಲು ಮುಚ್ಚಿದ ಮೇಲೆ ಡಾಕ್ಟರು ನನ್ನ ಮುಖ ನೋಡಿದರು. ಅವರ ಕಣ್ಣು ಕೆಂಪಾಗಿತ್ತು. ನಿದ್ದೆಗೆಟ್ಟ ಮನುಷ್ಯ. "ಕೇಳ್ರಿ ಅಮ್ಮಾ," ಎಂದರು. ಕೇಳಿದೆ. ಯಾವುದರಲ್ಲಿ ಬದುಕುವ ಭರವಸೆ ಹೆಚ್ಚು, ಮತ್ತೆ ಬರುತ್ತದೆಯೇ, ಕೈಯೆತ್ತಿ ತಲೆ ಬಾಚಿಕೊಂಡು ಅಬೋಲಿ ದಂಡೆ ಮುಡಿಯಬಹುದೇ. ಎಲ್ಲಕ್ಕೂ ಉತ್ತರ ಕೊಟ್ಟರು, ಚೆನ್ನಾಗಿಯೇ ಕೊಟ್ಟರು. ಇಷ್ಟು ಚೆನ್ನಾಗಿ ಹೇಳಲು ಬರುವ ಮನುಷ್ಯ ಯಾಕೆ ಹೆಂಗಸರನ್ನೆಲ್ಲ ತೂಕಕ್ಕೆ ಕಳಿಸುತ್ತಾರೋ ದೇವರಿಗೇ ಗೊತ್ತು. ಕೊನೆಗೆ, "ಈಗ ನೀವು ಹೇಳ್ರಿ," ಎಂದರು.

ನಾನು ಹೇಳಿದೆ.

ಹೊರಗೆ ಬೆಂಚಿನ ಮೇಲೆ ತಮ್ಮ ಕೂತಿದ್ದ. ಏನು ಹೇಳಿದೆನೆಂದು ಕೇಳಿದ. ಪೂರ್ತಿ ತೆಗೆಸುತ್ತೇನೆ ಎಂದೆ. ಅವನ ಮುಖ ಅರಳಿತು.

"ನಾ ಹೇಳಿದ್ದೂ ಅದೇ ಅಲ್ಲಾ ಅಕ್ಕಾ? ಆವತ್ತು ಡಾಕ್ಟ್ರು ಕೇಳೂಕೂ ನಾ ತೆಗೀರಿ ಅನ್ನೂಕೂ ಸಮ ಆಯ್ತು. ಒಂದ್ ಕ್ಷಣ ಯೋಚ್ನೆ ಮಾಡ್ಲಿಲ್ಲ ನೋಡು."

ನಾನು ರೆಕಾರ್ಡಿಂಗನ್ನು ಕಡೆಯ ಭಾಗಕ್ಕೆ ತಂದು ಮೊಬೈಲನ್ನು ಅವನ ಕಿವಿಗೆ ಹಿಡಿದೆ. ಈಗ ನೀವು ಹೇಳ್ರಿ ಎಂಬ ಡಾಕ್ಟರ ಮಾತಾದ ಮೇಲೆ ಅದರಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಹೊರಗೆ ನರ್ಸ್ ಯಾರನ್ನೋ ಕರೆಯುವುದು, ನಾನು ಮೂಗು ಒರೆಸಿಕೊಳ್ಳುವುದು, ಮತ್ತೆ ಫ್ಯಾನು.

"ಎಂತದೂ ಕೇಳೂದಿಲ್ಲ ಅಕ್ಕಾ. ಕಟ್ ಆಗಿದೆ ಕಾಣ್ತದೆ."

"ಕಟ್ ಆಗಿಲ್ಲ," ಎಂದೆ. "ಲೈನಿನಲ್ಲೇ ಇರು."

ಅವನು ಕಾದ. ಕಡೆಗೊಮ್ಮೆ ನನ್ನ ದನಿ ಬಂದು ತೆಗೀರಿ ಎಂದಿತು. ತಮ್ಮ ಮೊಬೈಲನ್ನು ಕಿವಿಯಿಂದ ಇಳಿಸಲಿಲ್ಲ.