ಎಡಗಾಲಿನ ಕಬ್ಬಿಣ

ನನ್ನ ರೇಸ್ ಬೈಕಿಗೆ ಬ್ರೇಕ್ ಇರಲಿಲ್ಲ. ಹಾಗೆಂದ ಕೂಡಲೇ ಅಬುಧಾಬಿಯಲ್ಲಿದ್ದ ನಮ್ಮ ಊರಿನವರೆಲ್ಲ ನನ್ನ ಗಂಡನ ಮುಖ ನೋಡುತ್ತಿದ್ದರು, ನನ್ನನ್ನು ತಡೆಯಬೇಕಾದವನು ಅವನೇ ಎಂಬಂತೆ. ಸ್ಪೀಡ್‌ವೇ ರೇಸಿನಲ್ಲಿ ಯಾರ ಬೈಕಿಗೂ ಬ್ರೇಕ್ ಇರುವುದಿಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು, ತಿರುವುಗಳೆಲ್ಲ ಎಡಕ್ಕೇ. ಅಲ್ಲಿ ಎಡಗಾಲನ್ನು ನೆಲಕ್ಕೆ ಊರಿ ಹಿಂದಿನ ಚಕ್ರವನ್ನು ಜಾರಲು ಬಿಡಬೇಕು. ಅದಕ್ಕೆಂದೇ ಎಡಗಾಲಿನ ಬೂಟಿನಡಿ ಕಬ್ಬಿಣದ ತಳ ಕಟ್ಟಿಕೊಳ್ಳುತ್ತೇವೆ. ಅದಿಲ್ಲದೆ ಹೋದರೆ ಬೂಟು ಚಿಂದಿಯಾಗುತ್ತದೆ.

ಉಡುಪಿಯ ಕೆಂಪು ಮಣ್ಣಿನಲ್ಲಿ ಕಲಿತದ್ದನ್ನು ಇಲ್ಲಿಯ ಮರಳಿಗೆ ತಿದ್ದಿಕೊಂಡೆ. ಮದೀನತ್ ಜಾಯೆದ್ ಕಡೆಯ ಟ್ರ್ಯಾಕಿನಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿ ಎರಡು ಸಲ ಚಾಂಪಿಯನ್ ಆದೆ. ಮೂರನೆಯ ವರ್ಷ ಕೊನೆಯ ತಿರುವಿನಲ್ಲಿ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡೆ. ಆಸ್ಪತ್ರೆಯಲ್ಲೇ ಗಂಡ, "ಖಲಾಸ್. ಇನ್ನು ಸಾಕು ಮಾರಾಯ್ತಿ" ಎಂದ. ನೋವಿನಲ್ಲಿ ನಾನು ತಲೆಯಾಡಿಸಿದ್ದನ್ನೇ ಒಪ್ಪಿಗೆ ಎಂದು ಹಿಡಿದುಕೊಂಡ. ಮೂಳೆ ಕೂಡಿತು, ಮರುವರ್ಷ ನಾನು ಮತ್ತೆ ಬೈಕ್ ಹತ್ತಿದೆ, ಫೈನಲ್‌ವರೆಗೂ ಬಂದೆ. ಅವನು ನನ್ನೊಡನೆ ಮಾತು ಬಿಟ್ಟ.

ಫೈನಲ್ ಶುಕ್ರವಾರ ಸಂಜೆ. ಅದೇ ದಿನ ಬೆಳಿಗ್ಗೆ ಆಯುಧಪೂಜೆ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲ್ಯಾಟಿನಲ್ಲಿ ಅತ್ತೆ ಕಾರಿನ ಕೀ, ಗಂಡನ ಲ್ಯಾಪ್‌ಟಾಪ್, ಅಡುಗೆಮನೆಯ ಚೂರಿ, ತಮ್ಮ ಹೊಲಿಗೆ ಮಿಷನ್ ಎಲ್ಲವನ್ನೂ ದೇವರೆದುರು ಜೋಡಿಸಿದ್ದರು. ಎಲೆಕ್ಟ್ರಾ ಸ್ಟ್ರೀಟಿನಿಂದ ತಂದ ಆ ಮಿಷನ್ನಿನಲ್ಲಿ ಅವರು ಪರಿಚಯದವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದರು. ನಾನು ಕಬ್ಬಿಣದ ತಳವನ್ನು ಉಜ್ಜಿ ತೊಳೆದು ತಂದು ಅದರ ಪಕ್ಕದಲ್ಲಿಟ್ಟೆ.

"ಎಂತ ಇದು? ದೇವರ ಎದುರು ಚಪ್ಪಲಿಯಾ?"

"ಚಪ್ಪಲಿ ಅಲ್ಲ ಅತ್ತೆ, ನನ್ನ ಆಯುಧ."

"ಕಾಲಿಗೆ ಕಟ್ಟುವಂಥದ್ದು ಆಯುಧ ಹೇಗಾಗ್ತದೆ?"

"ನಿಮ್ಮ ಮಿಷನ್ನಿನ ಪೆಡಲ್ ಕಾಲಲ್ಲೇ ತುಳಿಯುವುದಲ್ವಾ? ಅದಕ್ಕೆ ಕುಂಕುಮ ಉಂಟು, ಇದಕ್ಕೆ ಯಾಕಿಲ್ಲ?"

ಅತ್ತೆ ಎಲ್ಲದಕ್ಕೂ ಕುಂಕುಮ ಹಚ್ಚಿದರು, ನನ್ನದನ್ನು ಬಿಟ್ಟು. ನಾನೇ ಕೈಚಾಚಿ ಹಚ್ಚಿದೆ, ಒಂದು ಹೂವನ್ನೂ ಇಟ್ಟೆ. ಅವರು ಅದನ್ನು ತೆಗೆಯದೆ ಆರತಿ ಎತ್ತಿದರು. ಗೆದ್ದೆ ಎಂದುಕೊಂಡೆ ನಾನು. ಅತ್ತೆ ಎಂಥವರೆಂದು ನನಗಿನ್ನೂ ಗೊತ್ತಿರಲಿಲ್ಲ.

ಮಧ್ಯಾಹ್ನ ಬ್ಯಾಗು ತುಂಬಿಕೊಂಡು ಬಂದು ಕಬ್ಬಿಣದ ತಳಕ್ಕೆ ಕೈಹಾಕಿದೆ.

"ಮುಟ್ಟಬೇಡ" ಎಂದರು ಅತ್ತೆ. "ಪೂಜೆಗೆ ಇಟ್ಟ ಆಯುಧವನ್ನು ನಾಳೆ ಮಂಗಳಾರತಿ ಆಗುವವರೆಗೆ ತೆಗೆಯಲಿಕ್ಕಿಲ್ಲ. ಚಪ್ಪಲಿ ಅಂತ ಒಪ್ಪಿಕೋ, ತಗೊಂಡು ಹೋಗು."

ಸೋಫಾದಲ್ಲಿದ್ದ ಗಂಡ ಕಿಸಕ್ಕನೆ ನಕ್ಕ. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದದ್ದು ಆ ನಗು. ನನಗೆ ಮೈಯೆಲ್ಲ ಉರಿದುಹೋಯಿತು.

"ಹೋದ ವರ್ಷ ಇದೇ ದಿನ ಪೂಜೆ ಮುಗಿಸಿ, ಪಕ್ಕದ ಮನೆಯವಳ ರವಿಕೆ ಹೊಲಿದಿರಲ್ಲ ಅತ್ತೆ?"

"ಅದು ಅರ್ಜೆಂಟ್ ಇತ್ತು."

"ನನ್ನದೂ ಅರ್ಜೆಂಟೇ."

"ಮತ್ತೆ ಬಿದ್ದರೆ?" ಎಂದ ಗಂಡ, ಈಗ ನಗದೆ.

"ಮುರಿಯುವ ಮೂಳೆ ನನ್ನದು. ಹೆದರಬೇಕೋ ಬೇಡವೋ ಅಂತ ನಾನೇ ನೋಡಿಕೊಳ್ತೇನೆ."

ಕುಂಕುಮದ ಸಮೇತ ತಳವನ್ನು ಎತ್ತಿಕೊಂಡೆ. ಅತ್ತೆ ನನ್ನ ಮುಖ ನೋಡದೆ ಹೂವನ್ನು ಮಾತ್ರ ತೆಗೆದುಕೊಂಡರು. "ಹೂ ಕಾಲಡಿಗೆ ಹೋಗಬಾರದು" ಎಂದರು. ಕೆಳಗೆ ಸ್ನೇಹಿತರ ಪಿಕಪ್ ಕಾಯುತ್ತಿತ್ತು.

ಫೈನಲಿನ ಕೊನೆಯ ಸುತ್ತಿನಲ್ಲಿ ನಾನು ಎರಡನೆಯವಳು. ಹಿಂದಿನ ವರ್ಷ ಬಿದ್ದ ಅದೇ ತಿರುವಿನಲ್ಲಿ ಮುಂದಿನವನು ಒಳಗಡೆ ಸ್ವಲ್ಪ ಜಾಗ ಬಿಟ್ಟ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಎಡಗಾಲು ಊರಿ ಆಕ್ಸಿಲರೇಟರ್ ತಿರುಪಿದೆ. ಕಬ್ಬಿಣ ಕಿರ್ರೆಂದು ನೆಲ ಕೆರೆಯಿತು. ಅವನನ್ನು ದಾಟಿದೆ, ಗೆದ್ದೆ.

ಮನೆಗೆ ಬಂದಾಗ ಬಾಗಿಲು ತೆರೆದವರು ಅತ್ತೆ. ನಾನು ಗೆದ್ದು ತಂದ ಕಪ್ಪಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಬಿದ್ದೆಯಾ?"

"ಇಲ್ಲ."

ನನ್ನ ಕೈಯಲ್ಲಿದ್ದ ತಳವನ್ನು ನೋಡಿದರು. ಕುಂಕುಮವೆಲ್ಲ ಉಜ್ಜಿಹೋಗಿ ಮಣ್ಣು ಮೆತ್ತಿಕೊಂಡಿತ್ತು.

"ತೊಳೆದು ಒಳಗೆ ತಾ" ಎಂದರು. "ನಾಳೆ ಮಂಗಳಾರತಿಗೆ ಬೇಕಲ್ಲ."