ಚಕ್ಕುಲಿ ಡಬ್ಬದ ಲಿಯೋನ್

ಪ್ರತಿಯೊಂದು ಮಹಾನಗರಕ್ಕೂ ಅದರದೇ ಆದ ವಾಸನೆಯೊಂದು ಇರುತ್ತದೆ, ಆ ವಾಸನೆಯೇ ಆ ನಗರದ ಆತ್ಮ ಎಂದು ಲೋಕ ಸುತ್ತಿದ ಹಿರಿಯರು ಹೇಳುತ್ತಾರೆ. ಇರಬಹುದು. ಫ್ರಾನ್ಸ್ ದೇಶದ ಲಿಯೋನ್ ನಗರಕ್ಕೆ ಇಂಗಿನ ವಾಸನೆ. ಆ ಊರಿನವರು ಇದನ್ನು ಒಪ್ಪಲಾರರು. ನಮ್ಮೂರಿನದು ಬೆಣ್ಣೆಯ ವಾಸನೆ, ಬೆಳಗಿನ ಬ್ರೆಡ್ಡಿನ ವಾಸನೆ, ಎರಡು ನದಿಗಳ ನೀರಿನ ವಾಸನೆ ಎಂದು ವಾದ ಹೂಡಿಯಾರು. ಆದರೆ ನಾನು ಆ ಊರನ್ನು ಒಂಬತ್ತನೆಯ ವಯಸ್ಸಿನಿಂದ ಬಲ್ಲೆ. ಅದರ ಮೆಟ್ಟಿಲು, ಕಿಟಕಿ, ಬೆಕ್ಕುಗಳ ಸಮೇತ ಬಲ್ಲೆ. ಅಲ್ಲಿಗೆ ಇವತ್ತಿನವರೆಗೂ ಹೋಗಿಲ್ಲ ಎಂಬುದೊಂದು ಸಣ್ಣ ಕೊರತೆ, ಅಷ್ಟೆ.

ಹೋದ ತಿಂಗಳು ನಮ್ಮ ಫ್ಲ್ಯಾಟಿನ ಬಾಂಬ್ ಶೆಲ್ಟರಿನ ಬಾಗಿಲು ತೆರೆದೆ. ಸಿಂಗಪುರದ ಹೊಸ ಮನೆಗಳಲ್ಲಿ ದಪ್ಪ ಗೋಡೆಯ, ಕಬ್ಬಿಣದ ಬಾಗಿಲಿನ ಇಂಥ ಒಂದು ಕೋಣೆ ಇದ್ದೇ ಇರುತ್ತದೆ. ಯುದ್ಧ ಬರುವ ತನಕ ಅದರಲ್ಲಿ ನಾವು ಹಳೆಯ ಸೂಟ್‌ಕೇಸು, ಗೌರಿ ಹಬ್ಬದ ಮಂಟಪ, ತಿರುಗದ ಫ್ಯಾನು ಇವನ್ನೆಲ್ಲ ಇಟ್ಟು ಕಾಪಾಡುತ್ತೇವೆ. ಎಲ್ಲಕ್ಕೂ ಹಿಂದೆ, ಗೋಡೆಗೆ ಒತ್ತಿಕೊಂಡು, ಅಮ್ಮನ ಚಕ್ಕುಲಿ ಡಬ್ಬ ಇತ್ತು. ಮುಚ್ಚಳಕ್ಕೆ ಚಮಚದ ಹಿಡಿ ಕೊಟ್ಟು ಎತ್ತಿದೆ. ಮೊದಲು ಇಂಗು, ಆಮೇಲೆ ಎಳ್ಳು, ಕೊನೆಗೆ ಎಲ್ಲೋ ತಳದಿಂದ ಹಳೆಯ ಬೆಣ್ಣೆ, ಒಂದರ ಹಿಂದೊಂದು ಹೊರಬಂದವು. ಒಳಗೆ ಚಕ್ಕುಲಿ ಇರಲಿಲ್ಲ. ಕಾಲು ಶತಮಾನದಿಂದ ಇಲ್ಲ. ಒಳಗೆ ಇದ್ದದ್ದು ಲಿಯೋನ್. ಬೆಂಕಿಪೊಟ್ಟಣಕ್ಕಿಂತ ಕೊಂಚ ಅಗಲವಾದ ಬಿಳಿ ಚೌಕಟ್ಟುಗಳಲ್ಲಿ ಕೂತ ಬಣ್ಣದ ಸ್ಲೈಡುಗಳು, ಸಾಲಾಗಿ, ನಡುನಡುವೆ ಶೂ ಪೆಟ್ಟಿಗೆಗಳಿಂದ ಆರಿಸಿಟ್ಟ ತೇವ ಹೀರುವ ಸಣ್ಣ ಪೊಟ್ಟಣಗಳು.

ಅದು ಆ ಡಬ್ಬಕ್ಕೆ ಬಂದ ಕಥೆಯೂ ಸರಳ. ಈ ಊರಿನ ಸೆಖೆಗೆ ಫಿಲ್ಮಿಗೆ ಬೂಷ್ಟು ಹಿಡಿಯುತ್ತದೆ. ಅಪ್ಪ ಮನೆಯ ಡಬ್ಬಗಳನ್ನೆಲ್ಲ ಒಬ್ಬ ಎಂಜಿನಿಯರಿಗೆ ತಕ್ಕ ಗಾಂಭೀರ್ಯದಿಂದ ಪರೀಕ್ಷಿಸಿ, "ನಿಮ್ಮಮ್ಮನ ಚಕ್ಕುಲಿ ಆರು ವಾರ ಮೆತ್ತಗಾಗದ ಡಬ್ಬ ಇದು. ಇದರೊಳಗೆ ಫ್ರಾನ್ಸ್ ಮೆತ್ತಗಾಗತ್ತಾ?" ಎಂದು ತೀರ್ಪು ಕೊಟ್ಟರು. ಅಮ್ಮ ಡಬ್ಬ ಬಿಟ್ಟುಕೊಟ್ಟಳು. ಆ ವರ್ಷದ ದೀಪಾವಳಿಯ ಚಕ್ಕುಲಿ ಪ್ಲಾಸ್ಟಿಕ್ ಡಬ್ಬದಲ್ಲಿ ಮೂರೇ ದಿನಕ್ಕೆ ಒದ್ದೆ ಹಗ್ಗದಂತಾಯಿತು. ಕಲೆಗಾಗಿ ನಮ್ಮ ಮನೆತನ ಮಾಡಿದ ಮೊದಲ ತ್ಯಾಗ ಅದು.

ಆಗ ನಾವಿದ್ದದ್ದು ಇದೇ ಸಿಂಗಪುರದ ಯಿಶುನ್‌ನ ಒಂದು ಬ್ಲಾಕಿನ ಏಳನೆಯ ಮಹಡಿಯಲ್ಲಿ. ಅಪ್ಪ, ಅಮ್ಮ, ನಾನು. ಕಾರಿಡಾರಿನಲ್ಲಿ ಪಕ್ಕದ ಮನೆ ಲಿಮ್ ಆಂಟಿಯದು. ಬೆಳಗಿನ ಜಾವ ಎಣ್ಣೆ ಕಾರ್ಖಾನೆಗಳ ಜುರಾಂಗ್ ಐಲ್ಯಾಂಡಿನ ಕಂಪನಿ ಬಸ್ಸು ಅಪ್ಪನನ್ನು ಹೊತ್ತುಕೊಂಡು ಹೋಗುತ್ತಿತ್ತು, ಸಂಜೆ ತಂದು ಇಳಿಸುತ್ತಿತ್ತು. ಆಗ ಅವರ ಅಂಗಿಗೆ ಬಿಸಿ ಕಬ್ಬಿಣ ಮತ್ತು ಎಣ್ಣೆಯ ವಾಸನೆ. ಒಂದು ವರ್ಷ, ಹೊಸ ಯಂತ್ರವೊಂದನ್ನು ಕಲಿತು ಬರಲು ಕಂಪನಿ ಅವರನ್ನು ಏಳು ತಿಂಗಳು ಲಿಯೋನ್‌ಗೆ ಕಳಿಸಿತು. ಆ ಊರಿನ ದಕ್ಷಿಣಕ್ಕೆ ನಮ್ಮ ಜುರಾಂಗಿನಂಥದೇ ಕೊಳವೆಗಳ ಕಾಡಿದೆಯಂತೆ. ವಾರಕ್ಕೆ ಐದು ದಿನ ಅಪ್ಪ ಕೊಳವೆ ನೋಡಿದರು. ಉಳಿದೆರಡು ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೀದಿ ನೋಡಿದರು.

ಇಲ್ಲಿ ನಮ್ಮ ಮನೆಯ ಶಾಸನವೊಂದನ್ನು ಹೇಳಬೇಕು. ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ: ಮೂರು ಜನ ನಿಂತು ಫೋಟೋ ತೆಗೆಸಿಕೊಳ್ಳಬಾರದು, ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಬೇರೆಯವರ ಮನೆಯಲ್ಲಿ ಇದೊಂದು ಮಾತು. ನಮ್ಮ ಮನೆಯಲ್ಲಿ ಕಾನೂನು. ಅಮ್ಮ ಹನ್ನೊಂದು ವರ್ಷದವಳಿದ್ದಾಗ, ಮೈಸೂರಿನ ಸ್ಟುಡಿಯೋ ಒಂದರಲ್ಲಿ ಇಬ್ಬರು ಅಕ್ಕಂದಿರ ಜೊತೆ ಹೊಸ ಲಂಗ ಉಟ್ಟು ನಿಂತಿದ್ದಳು. ವರ್ಷ ತುಂಬುವುದರೊಳಗೆ ದೊಡ್ಡಕ್ಕ ಹೋಗಿಬಿಟ್ಟಳು. ಜಾಂಡೀಸ್ ಎಂದು ಡಾಕ್ಟರು ಬರೆದುಕೊಟ್ಟರು. ಅಮ್ಮನ ಪ್ರಕಾರ, ಡಾಕ್ಟರು ಆ ಫೋಟೋ ನೋಡಿರಲಿಲ್ಲ. ಈ ವಿಷಯದಲ್ಲಿ ಅಮ್ಮನನ್ನು ಯಾರೂ ನಗಿಸಲು ಹೋಗುತ್ತಿರಲಿಲ್ಲ, ಅಪ್ಪ ಕೂಡ.

ಹೀಗಾಗಿ ಮೂರೇ ಜನರ ಕುಟುಂಬಕ್ಕೆ ಒಂದು ವಿಶೇಷ ತೊಡಕು ಇತ್ತು. ಅದನ್ನು ಪರಿಹರಿಸಿದವರು ಲಿಮ್ ಆಂಟಿ. ಯುಗಾದಿ, ನನ್ನ ಹುಟ್ಟುಹಬ್ಬ, ಶಾಲೆಯ ಮೊದಲ ದಿನ, ಏನೇ ಇರಲಿ, ಅಪ್ಪ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೊಡನೆ ಅಮ್ಮ ಪಕ್ಕದ ಬಾಗಿಲು ತಟ್ಟುತ್ತಿದ್ದಳು. "ಅಗೇನ್ ಆ? ಐ ಕುಕಿಂಗ್ ಲಾ! ಮೈ ಹೇರ್ ಲೈಕ್ ದಿಸ್, ಹೌ ಕ್ಯಾನ್?" ಎಂದು ಗೊಣಗುತ್ತಲೇ ಆಂಟಿ ಬಂದು ನಿಲ್ಲುವರು. ನಮ್ಮ ಆಲ್ಬಮ್ಮಿನ ಅಷ್ಟೂ ಚಿತ್ರಗಳಲ್ಲಿ, ರೇಷ್ಮೆ ಸೀರೆಯ ಪಕ್ಕ, ಹೂವಿನ ಪೈಜಾಮ ತೊಟ್ಟು, ಒಮ್ಮೊಮ್ಮೆ ಕೈಯಲ್ಲಿ ಸೌಟು ಹಿಡಿದು, ನಮ್ಮೆಲ್ಲರಿಗಿಂತ ಗಂಭೀರವಾಗಿ ಅವರು ನಿಂತಿದ್ದಾರೆ. ಮೈಸೂರಿನ ಬಂಧುಗಳು ಮೊದಮೊದಲು ಯಾರಿವರು ಎಂದು ಕೇಳಿದರು. ಆಮೇಲೆ ಕಾಗದದಲ್ಲಿ ಅವರ ಆರೋಗ್ಯವನ್ನೂ ವಿಚಾರಿಸತೊಡಗಿದರು.

ಅಪ್ಪ ಹೊರಟ ದಿನ, ಏರ್‌ಪೋರ್ಟಿನಲ್ಲಿ, ಅಮ್ಮ ಎರಡು ವಸ್ತು ಕೊಟ್ಟಳು. ಒಂದು, ತಾನೇ ಹೆಣೆದ ಮರೂನ್ ಸ್ವೆಟರು. ಸೆಖೆಯ ಊರಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಅಂದಾಜಿನ ಮೇಲೆ ಹೆಣೆದದ್ದು. ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಉದ್ದವಾಗಿತ್ತು. ಎರಡನೆಯದು ಒಂದು ಆಜ್ಞೆ. "ನೋಡಿ, ಮೂರು ಜನ ಇರೋದ್ನ ಮಾತ್ರ ತೆಗೀಬೇಡಿ. ಇಬ್ರಿರಲಿ, ನಾಲ್ಕು ಜನ ಇರಲಿ, ಇಡೀ ಊರೇ ಇರಲಿ."

"ಫ್ರೆಂಚರಿಗೆ ನಮ್ಮ ಶಾಸ್ತ್ರ ಯಾಕೆ ವತ್ಸಲಾ?"

"ಕ್ಯಾಮೆರಾ ನಮ್ಮ ಮನೇದು ತಾನೆ?"

ಅಪ್ಪ ಸ್ವೆಟರನ್ನು ಕೈಚೀಲಕ್ಕೆ ತುರುಕಿಕೊಂಡು ಹೊರಟರು.

ಅಪ್ಪ ಆ ಮಾತನ್ನು ಪಾಲಿಸಿದರು. ನನ್ನ ಪ್ರಕಾರ ಅವರ ಚಿತ್ರಗಳ ಗುಟ್ಟೇ ಅದು. ನದಿದಂಡೆಯ ಸಂತೆಯಲ್ಲಿ ಮೂವರು ಹೆಂಗಸರು ಚೀಸಿನ ಮುಂದೆ ನಿಂತರೆ, ಬೇರೆಯವರಾದರೆ ಕ್ಲಿಕ್ ಮಾಡಿ ಮುಂದೆ ಹೋಗುತ್ತಿದ್ದರು, ಅಪ್ಪ ಕಾಯುತ್ತಿದ್ದರು. ನಾಲ್ಕನೆಯವಳು ಬರಬೇಕು, ಇಲ್ಲವೇ ಒಬ್ಬಳು ಹೋಗಬೇಕು. ಹೋಗುವವಳು ಹೋಗುವ ಮುನ್ನ ತಿರುಗಿ ನೋಡುತ್ತಾಳೆ, ಉಳಿದಿಬ್ಬರು ಅವಳ ಬಗ್ಗೆ ಏನೋ ಹೇಳಿಕೊಂಡು ನಗುತ್ತಾರೆ, ಆ ಹೊತ್ತಿಗೆ ಬೆಳಕು ಕೂಡ ಒಂದು ಗೇಣು ಸರಿದು ತರಕಾರಿ ಬುಟ್ಟಿಯ ಮೇಲೆ ಬಿದ್ದಿರುತ್ತದೆ. ಆಗ ಕ್ಲಿಕ್. ಕಬ್ಬಿಣದ ಗುಂಡು ಉರುಳಿಸಿ ಆಡುವ ಮುದುಕರು, ಗುಡ್ಡದ ಮೆಟ್ಟಿಲ ಮೇಲೆ ಕಂಕುಳಲ್ಲಿ ಉದ್ದನೆಯ ಬ್ರೆಡ್ಡು ಅವಚಿಕೊಂಡು ಏದುಸಿರು ಬಿಡುವವನು, ಮನೆಯೊಳಗಿಂದಲೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದಾಟುವ ಕತ್ತಲ ಓಣಿಗಳು, ಕಿಟಕಿಯಿಂದ ಕಿಟಕಿಗೆ ಮಾತಾಡುವ ಹೆಂಗಸರು. ಏಳು ತಿಂಗಳಲ್ಲಿ ಅವಸರದ ಚಿತ್ರ ಒಂದೂ ಇಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಅವರು ವಾಪಸು ಬಂದ ಮೇಲೆ ಭಾನುವಾರ ಮಧ್ಯಾಹ್ನಗಳು ಲಿಯೋನ್‌ಗೆ ಮೀಸಲಾದವು. ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಪ್ರೊಜೆಕ್ಟರು, ಪರದೆಗೆ ಅಪ್ಪನದೇ ಬಿಳಿ ಪಂಚೆ, ಕಿಟಕಿಗೆ ಎರಡೆರಡು ಕರ್ಟನ್. ಯಿಶುನ್ ಸುತ್ತಿನ ಕನ್ನಡದ ಮನೆಗಳವರು ಬಂದು ನೆಲದ ಮೇಲೆ ಕೂರುತ್ತಿದ್ದರು. ಪ್ರೊಜೆಕ್ಟರಿನ ಫ್ಯಾನು ಗುರ್ರೆನ್ನುವುದು, ಬಿಸಿಯಾದ ಧೂಳಿನ ವಾಸನೆಯ ಜೊತೆ ಇಂಗು ಬೆರೆಯುವುದು, ಪಂಚೆ ಅಲುಗಿದಾಗ ಲಿಯೋನ್‌ನ ಸೇತುವೆಗಳೂ ಅಲುಗುವುದು. ಅಪ್ಪ ಒಂದೊಂದಕ್ಕೂ ಹೆಸರಲ್ಲ, ಕಾದ ಹೊತ್ತು ಹೇಳುತ್ತಿದ್ದರು: "ಇದು ಇಪ್ಪತ್ತು ನಿಮಿಷ. ಇದು ಮುಕ್ಕಾಲು ಗಂಟೆ, ಆ ಪೋಸ್ಟ್‌ಮ್ಯಾನ್ ಬಹಳ ಮಾತಿನವನು."

ಉಡುಪಿಯ ಭಟ್ ಅಂಕಲ್ ಮಾತ್ರ ಕೊನೆಯ ಬೆಕ್ಕಿನ ಸ್ಲೈಡಿನ ತನಕ ಒಂದೇ ನಿರೀಕ್ಷೆಯಲ್ಲಿ ಕೂತಿರುತ್ತಿದ್ದರು. "ಎಲ್ಲ ಸರಿ ಸಾರ್, ಟವರ್ ಎಲ್ಲಿ?"

"ಟವರ್ ಇರೋದು ಪ್ಯಾರಿಸ್‌ನಲ್ಲಿ ಭಟ್ರೇ."

"ಟ್ರೈನಲ್ಲಿ ಎರಡೇ ಗಂಟೆ ಅಂತಲ್ಲ ಮಾರಾಯ್ರೆ?"

"ಆ ಎರಡು ಗಂಟೇಲಿ ಈ ಬೆಕ್ಕು ತೆಗೆದೆ."

ಮರುವರ್ಷ ನಮ್ಮ ಬ್ಲಾಕಿನ ನಿವಾಸಿಗಳ ಸಮಿತಿ, ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಎಂದರೆ ಕಂಬಗಳ ನಡುವಿನ ಗೋಡೆಯಿಲ್ಲದ ನೆಲಮಹಡಿಯಲ್ಲಿ, ನಿವಾಸಿಗಳೇ ತೆಗೆದ ಫೋಟೋಗಳ ಪ್ರದರ್ಶನ ಏರ್ಪಡಿಸಿತು. ಅಪ್ಪನ ಹೆಸರು ಕೊಟ್ಟುಬಂದವರು ಲಿಮ್ ಆಂಟಿ. ಹನ್ನೆರಡು ಚಿತ್ರ ದೊಡ್ಡದು ಮಾಡಿಸಬೇಕು. ಅಪ್ಪ ಹನ್ನೊಂದನ್ನು ಒಂದೇ ಸಂಜೆಯಲ್ಲಿ ಆರಿಸಿ, ಆಮೇಲೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಚಕ್ಕುಲಿ ಡಬ್ಬದ ತಳದ ಕಾಗದ ಎತ್ತಿ, ಅದರಡಿಯಿಂದ ಒಂದು ಸ್ಲೈಡು ತೆಗೆದು ಅಮ್ಮನ ಮುಂದಿಟ್ಟರು. ಪಂಚೆಯ ಮೇಲೆ ಒಮ್ಮೆಯೂ ಬೀಳದ ಸ್ಲೈಡು. ಬ್ರೆಡ್ಡಿನ ಅಂಗಡಿಯೊಂದರ ಬಾಗಿಲಲ್ಲಿ ಹಿಟ್ಟು ಮೆತ್ತಿದ ಗಂಡ, ಹೆಂಡತಿ, ಅವರಿಬ್ಬರ ನಡುವೆ ನನ್ನಷ್ಟೇ ದೊಡ್ಡ ಹುಡುಗಿ. ಯಾವುದೋ ಮಾತಿಗೆ ಮೂವರೂ ಒಂದೇ ಸಲ ನಕ್ಕಿದ್ದಾರೆ.

"ಕಾಯಕ್ಕೆ ಆಗಲಿಲ್ಲ," ಎಂದರು ಅಪ್ಪ. "ಕಾದಿದ್ರೆ ನಗು ಹೋಗ್ತಿತ್ತು. ಏಳು ತಿಂಗಳಲ್ಲಿ ನಾನು ತೆಗೆದಿದ್ದರಲ್ಲಿ ಇದೊಂದೇ ಫೋಟೋ, ವತ್ಸಲಾ. ಮಿಕ್ಕಿದ್ದೆಲ್ಲ ಪ್ರಾಕ್ಟೀಸು."

ಅಮ್ಮ ಬೈಯಲಿಲ್ಲ. ಸ್ಲೈಡನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, "ಆ ಮಗು ಯಾರ ಮನೇದಾದ್ರೇನು?" ಎಂದಳು. "ಮನೇಲಿ ಮುಚ್ಚಿಟ್ಟಿದ್ದೇ ಹೆಚ್ಚು. ಇನ್ನು ಊರಿಗೆಲ್ಲ ತೋರಿಸ್ತೀರಾ?" ಅವಳ ಹೆದರಿಕೆ ನಮಗಾಗಿ ಅಲ್ಲ, ಎಂದೂ ಕಾಣದ ಆ ಹುಡುಗಿಗಾಗಿ ಎಂಬುದು ಒಂಬತ್ತು ತುಂಬಿದ ನನಗೂ ತಿಳಿಯಿತು. ಅಪ್ಪ ಸ್ಲೈಡನ್ನು ಮತ್ತೆ ಕಾಗದದಡಿಗೆ ಸೇರಿಸಿದರು. ಹನ್ನೆರಡನೆಯದಾಗಿ ಬೆಕ್ಕು ಹೋಗುವುದೆಂದು ತೀರ್ಮಾನವಾಯಿತು. ಬೆಕ್ಕಿನ ಮೇಲೆ ಅಪ್ಪನಿಗೆ ಸಿಟ್ಟಿರಲಿಲ್ಲ. ಆದರೆ ಅದನ್ನು ಲಕೋಟೆಗೆ ಹಾಕುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಮರುದಿನ ನಾನು ಶಾಲೆಯಿಂದ ಬಂದಾಗ ಮನೆಯೊಳಗೆ ಕತ್ತಲೆ. ವಾರದ ನಡುವೆ ಕರ್ಟನ್ ಹಾಕಿತ್ತು, ಪ್ರೊಜೆಕ್ಟರ್ ಗುರ್ರೆನ್ನುತ್ತಿತ್ತು. ಅಮ್ಮ ಪಂಚೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ತೋರುಬೆರಳಿನಿಂದ ಎಣಿಸುತ್ತಿದ್ದಳು. ಅವಳ ಬೆನ್ನಿನ ಮೇಲೆಲ್ಲ ಬ್ರೆಡ್ಡಿನ ಬಣ್ಣ.

"ಪುಟ್ಟಿ, ಇಲ್ಲಿ ಬಾ. ಇದು ಯಾರು ನೋಡು."

ಬಾಗಿಲ ಪಕ್ಕದ ಅಂಗಡಿಯ ದೊಡ್ಡ ಗಾಜಿನಲ್ಲಿ, ಜೋಡಿಸಿಟ್ಟ ಬ್ರೆಡ್ಡುಗಳ ಮೇಲೆ, ಎದುರು ಬೀದಿಯ ಪ್ರತಿಬಿಂಬ ಬಿದ್ದಿತ್ತು. ಅಲ್ಲಿ ಒಬ್ಬ ಮನುಷ್ಯ ಮುಖಕ್ಕೆ ಕ್ಯಾಮೆರಾ ಹಿಡಿದು ನಿಂತಿದ್ದ. ಮುಖ ಕಾಣುತ್ತಿರಲಿಲ್ಲ. ಮರೂನ್ ಸ್ವೆಟರಿನ ಎಡತೋಳು ಕಾಣುತ್ತಿತ್ತು. ಬೆರಳುಗಳನ್ನು ದಾಟಿ ಕ್ಯಾಮೆರಾದ ಮೇಲೆ ಬಿದ್ದಿತ್ತು.

ಸಂಜೆ ಕಂಪನಿ ಬಸ್ಸಿಳಿದು ಬಂದ ಅಪ್ಪನಿಗೆ ಅಮ್ಮ ಕಾಫಿ ಕೊಡುವ ಮೊದಲೇ, "ಆ ಫೋಟೋನೇ ಹಾಕ್ಕೊಳ್ಳಿ. ನಾಲ್ಕು ಜನ ಇದಾರೆ," ಎಂದಳು. ಅಪ್ಪ ಬಂದು ನೋಡಿದರು. ಸ್ಲೈಡನ್ನು ಬಲ್ಬಿಗೆ ಹಿಡಿದು ಬೆರಳಿನಷ್ಟು ಚಿಕ್ಕದಾಗಿ ನೋಡಿದ್ದರೇ ಹೊರತು ಇಷ್ಟು ದೊಡ್ಡದಾಗಿ ಅವರೂ ನೋಡಿರಲಿಲ್ಲ. ಅವರ ಮುಖ ಬಾಡಿತು. "ಛೆ! ಗಾಜಲ್ಲಿ ನಾನೇ ಬಂದುಬಿಟ್ಟಿದೀನಲ್ಲೇ. ಫೋಟೋ ತೆಗೆಯೋನು ಫೋಟೋದಲ್ಲಿ ಕಾಣೋದು ಅಂದ್ರೆ... ಎಂಥಾ ತಪ್ಪು ಇದು!"

"ಇರ್ಲಿ ಬಿಡಿ. ತೋಳು ಉದ್ದ ಮಾಡಿದ್ದು ನನ್ನ ತಪ್ಪು. ಅದಕ್ಕೇ ಗುರುತು ಸಿಕ್ಕಿದ್ದು."

ಬೆಕ್ಕು ಲಕೋಟೆಯಿಂದ ಹೊರಬಂತು.

ಪ್ರದರ್ಶನದ ದಿನ ವಾಯ್ಡ್ ಡೆಕ್ಕಿನಲ್ಲಿ, ಅಂಚೆಪೆಟ್ಟಿಗೆಗಳ ಸಾಲಿಗೂ ಮುದುಕರು ಚೆಸ್ ಆಡುವ ಕಲ್ಲುಮೇಜಿಗೂ ನಡುವೆ, ಲಿಯೋನ್ ತೂಗಿತು. ಅಮ್ಮನ ಒತ್ತಾಯಕ್ಕೆ ಅಪ್ಪ ಆ ಸ್ವೆಟರ್ ತೊಟ್ಟು ಬಂದಿದ್ದರು, ಸಾಕ್ಷಿಗಾಗಿ. ಮಟಮಟ ಮಧ್ಯಾಹ್ನ, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ರಾಜರಂತೆ ನಿಂತಿದ್ದರು. ಚೆಸ್ ಮುದುಕರು ಆಟ ಬಿಟ್ಟು ಬಂದು, ಕಬ್ಬಿಣದ ಗುಂಡಿನ ಮುದುಕರನ್ನು ಬಹಳ ಹೊತ್ತು, ಸರೀಕರನ್ನು ನೋಡುವಂತೆ ನೋಡಿದರು. ಬ್ರೆಡ್ಡಿನ ಅಂಗಡಿಯ ಮುಂದೆ ಲಿಮ್ ಆಂಟಿ ಕಾವಲು ನಿಂತಿದ್ದರು. ಅಂದು ಕೂದಲು ಸೆಟ್ ಮಾಡಿಸಿಕೊಂಡು ಬಂದಿದ್ದರು. ಯಾರೇ ಬಂದರೂ, "ಹೌ ಮೆನಿ ಪೀಪಲ್? ಯು ಕೌಂಟ್," ಎನ್ನುವರು. ಮೂರು ಎಂದವರನ್ನು ಮುಂದೆ ಬಿಡುತ್ತಿರಲಿಲ್ಲ. ಭಟ್ ಅಂಕಲ್ ಸರಿಯಾಗಿ ನಾಲ್ಕು ಎಣಿಸಿ, ಆಮೇಲೆ ಅಪ್ಪನ ಕಡೆ ತಿರುಗಿ ಟವರಿನ ಬಗ್ಗೆ ಕೇಳಿದರು. ಅಮ್ಮ ಕೊಂಚ ದೂರದಲ್ಲಿ, ಕಂಬಕ್ಕೆ ಒರಗಿ, ಜನ ನೋಡುವುದನ್ನು ನೋಡುತ್ತಿದ್ದಳು. ನನ್ನ ಅಪ್ಪ ಅಷ್ಟು ಎತ್ತರ ಕಂಡದ್ದು ಅದೇ ಮೊದಲು.

ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಕಾರಿಡಾರಿನ ನಮ್ಮ ತುಳಸಿ ಕುಂಡದ ಜಾಗದಲ್ಲಿ ಸೈಕಲ್ಲು ನಿಂತಿದೆ. ಲಿಮ್ ಆಂಟಿ ಮಗಳ ಮನೆಗೆ ಹೋದರು, ಕೆಲವು ವರ್ಷಗಳ ನಂತರ ಹೋಗಿಯೇಬಿಟ್ಟರು. ಅಪ್ಪ ಹೋಗಿ ನಾಲ್ಕು ವರ್ಷ. ಅಮ್ಮ ನನ್ನ ಜೊತೆ ಇದ್ದಾಳೆ, ಆಗಾಗ, ನಾನು ರಾಫೆಲ್ಸ್ ಪ್ಲೇಸಿನ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿರುವಾಗಲೇ, "ಆ ಬ್ರೆಡ್ ಅಂಗಡಿ ಹುಡುಗಿಗೂ ಈಗ ನಿನ್ನಷ್ಟೇ ವಯಸ್ಸಾಗಿರತ್ತೆ, ಅಲ್ವೇನೇ?" ಎನ್ನುತ್ತಾಳೆ. ಹೌದು ಎನ್ನುತ್ತೇನೆ. ನಾವು ಮೂವರೇ ಇರುವ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಅಪ್ಪ ಲಿಯೋನ್‌ನಲ್ಲಿ ಇದ್ದರೆಂಬುದಕ್ಕೂ ಆ ಗಾಜು ಬಿಟ್ಟರೆ ಬೇರೆ ಚಿತ್ರವಿಲ್ಲ.

ಡಬ್ಬ ಮಾತಿಗೆ ತಪ್ಪಿತ್ತು. ಅಷ್ಟು ಭದ್ರವಾದ ಮುಚ್ಚಳದೊಳಗೂ ಬೂಷ್ಟು ನುಗ್ಗಿ, ಸಂತೆಯ ಅರ್ಧ, ಗುಡ್ಡದ ಮೆಟ್ಟಿಲು, ಮಾತಿನ ಪೋಸ್ಟ್‌ಮ್ಯಾನು, ಎಲ್ಲರ ಮೇಲೂ ಬಿಳಿ ಜೇಡರಬಲೆ ಹಬ್ಬಿಸಿದೆ. ಕಾಗದದಡಿಯ ಸ್ಲೈಡನ್ನು ನಾನು ಸ್ಕ್ಯಾನ್ ಮಾಡಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹಾಲಿನ ಗೋಡೆಗೆ ತೂಗುಹಾಕಿದೆ. ಆರು ವರ್ಷದ ನನ್ನ ಮಗಳು ಅದರ ಮುಂದೆ ನಿಂತು, "ತ್ರೀ ಪೀಪಲ್ ಲಾ, ಅಜ್ಜಿ," ಎಂದಳು. ಅಮ್ಮ ಕುರ್ಚಿಯಿಂದ ಎದ್ದು ಬಂದು, ಅವಳ ಬೆರಳು ಹಿಡಿದು, ಗಾಜಿನ ಕಡೆಗೆ ಸರಿಸಿದಳು.

ಬೂಷ್ಟು ಅಂಗಡಿಯ ಹೆಸರಿನ ಹಲಗೆಯನ್ನು ತಿಂದಿದೆ. ನಾಲ್ಕು ಜನರೂ ಇದ್ದಾರೆ.